ಉತ್ತರ ಕನ್ನಡದ ಜಲಪಾತಗಳು ಮತ್ತು ಈಜುಗುಂಡಿಗಳು: ನೋಡುವ ಕಾಲ, ಇಳಿಯುವ ಎಚ್ಚರ

ರಾಜ್ಯದಲ್ಲಿ ಅತಿ ಹೆಚ್ಚು ಜಲಪಾತಗಳಿರುವ ಜಿಲ್ಲೆಗಳ ಮಾತು ಬಂದಾಗ ಉತ್ತರ ಕನ್ನಡದ ಹೆಸರು ಮೊದಲ ಸಾಲಿನಲ್ಲಿಯೇ ಬರುತ್ತದೆ. ಸಹ್ಯಾದ್ರಿಯ ನೆತ್ತಿಯಿಂದ ಅರಬ್ಬಿ ಸಮುದ್ರದವರೆಗೆ ಹಬ್ಬಿರುವ ಈ ಜಿಲ್ಲೆಯ ಬಹುಭಾಗ ಇಂದಿಗೂ ಕಾಡು. ಶಿರಸಿ, ಸಿದ್ದಾಪುರ, ಯಲ್ಲಾಪುರ, ಜೋಯಿಡಾ ತಾಲ್ಲೂಕುಗಳ ಒಳಹಳ್ಳಿಗಳಲ್ಲಿ ಮನೆಯಿಂದ ಮನೆಗೆ ಮೈಲುಗಳ ಅಂತರವಿದ್ದು, ಮೊಬೈಲ್ ಸಂಪರ್ಕ ಅನೇಕ ಕಡೆ ಸಿಗುವುದಿಲ್ಲ. ವಾರಾಂತ್ಯದಲ್ಲಿ ಬೆಂಗಳೂರು, ಹುಬ್ಬಳ್ಳಿ, ಬೆಳಗಾವಿಗಳಿಂದ ಬರುವ ಪ್ರವಾಸಿಗರಿಗೆ ಈ ಏಕಾಂತವೇ ಆಕರ್ಷಣೆ. ಅವಘಡ ಸಂಭವಿಸಿದಾಗ ನೆರವು ತಡವಾಗುವುದಕ್ಕೂ ಇದೇ ಕಾರಣ. ಜಿಲ್ಲೆಯ ಪ್ರಮುಖ ಜಲಪಾತಗಳು, ಅವುಗಳ ಸ್ವಭಾವ, ಭೇಟಿಗೆ ತಕ್ಕ ಕಾಲ ಹಾಗೂ ನೀರಿಗಿಳಿಯುವವರು ತಿಳಿದಿರಬೇಕಾದ ಸಂಗತಿಗಳನ್ನು ಇಲ್ಲಿ ಸಂಗ್ರಹಿಸಲಾಗಿದೆ.

ನಾಲ್ಕು ನದಿಗಳ ನಾಡು

ಜಿಲ್ಲೆಯ ಜಲಪಾತಗಳೆಲ್ಲ ಬಹುಮಟ್ಟಿಗೆ ಪಶ್ಚಿಮಕ್ಕೆ ಹರಿಯುವ ನಾಲ್ಕು ನದಿಗಳಿಗೆ ಸೇರಿದವು. ಉತ್ತರದಲ್ಲಿ ಕಾಳಿ, ನಡುವೆ ಬೇಡ್ತಿ ಮತ್ತು ಅಘನಾಶಿನಿ, ದಕ್ಷಿಣದಲ್ಲಿ ಶರಾವತಿ. ಬೇಡ್ತಿಯೇ ಘಟ್ಟ ಇಳಿದ ಮೇಲೆ ಗಂಗಾವಳಿ ಎನಿಸಿಕೊಳ್ಳುತ್ತದೆ. ಘಟ್ಟದ ಮೇಲಿನ ಪ್ರಸ್ಥಭೂಮಿಯಲ್ಲಿ ನಿಧಾನವಾಗಿ ಹರಿದು ಬರುವ ಹೊಳೆ, ಪಶ್ಚಿಮದ ಅಂಚಿನಲ್ಲಿ ಒಮ್ಮೆಲೇ ನೂರಾರು ಅಡಿ ಕೆಳಕ್ಕೆ ಇಳಿಯಬೇಕಾಗುತ್ತದೆ. ಆ ಇಳಿತವೇ ಜಲಪಾತ.

ಸ್ಥಳೀಯರ ನುಡಿಯಲ್ಲಿ ಇವುಗಳಿಗೆ ಬೇರೆ ಬೇರೆ ಹೆಸರುಗಳಿವೆ. ದೊಡ್ಡ ಧುಮುಕು ‘ಜೋಗ’, ಸಣ್ಣದು ‘ಅಬ್ಬಿ’. ಹೊಳೆಯ ಪಾತ್ರದಲ್ಲಿ ನೀರು ಆಳವಾಗಿ ನಿಲ್ಲುವ ಜಾಗ ‘ಗುಂಡಿ’ ಅಥವಾ ‘ಮಡು’. ಹೆಸರಿನ ಕೊನೆಗೆ ‘ಗುಂಡಿ’ ಎಂದಿದ್ದರೆ ಅಲ್ಲಿ ಆಳವಿದೆ ಎಂಬ ಸೂಚನೆ ಹೆಸರಿನಲ್ಲಿಯೇ ಅಡಗಿದೆ ಎಂದು ತಿಳಿಯುವುದು ಕ್ಷೇಮ.

ನೋಡುವುದಕ್ಕಷ್ಟೇ ತಕ್ಕವು

ಜೋಗ: ಶರಾವತಿ ನದಿ 253 ಮೀಟರ್ ಎತ್ತರದಿಂದ ರಾಜಾ, ರಾಣಿ, ರೋರರ್, ರಾಕೆಟ್ ಎಂಬ ನಾಲ್ಕು ಕವಲುಗಳಾಗಿ ಧುಮುಕುವ ಈ ತಾಣ ಶಿವಮೊಗ್ಗ ಮತ್ತು ಉತ್ತರ ಕನ್ನಡ ಜಿಲ್ಲೆಗಳ ಗಡಿಯಲ್ಲಿದೆ. ಮೇಲ್ಭಾಗದಲ್ಲಿ 1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟು ನಿರ್ಮಾಣವಾದ ಬಳಿಕ ಜೋಗದ ವೈಭವ ಜಲಾಶಯದ ನೀರಿನ ಮಟ್ಟವನ್ನು ಅವಲಂಬಿಸಿದೆ. ಅಣೆಕಟ್ಟೆಯ ಬಾಗಿಲು ತೆರೆದ ವರ್ಷಗಳಲ್ಲಿ ಮಾತ್ರ ಹಿಂದಿನ ರಭಸದ ಅಂದಾಜು ಸಿಗುತ್ತದೆ.

ಉಂಚಳ್ಳಿ: ಸಿದ್ದಾಪುರ ತಾಲ್ಲೂಕಿನ ಹೆಗ್ಗರಣೆ ಸಮೀಪ ಅಘನಾಶಿನಿ ನದಿ 116 ಮೀಟರ್ ಎತ್ತರದಿಂದ ಬೀಳುತ್ತದೆ. ಕಿವಿ ಕೆಪ್ಪಾಗಿಸುವಂಥ ಮೊರೆತದಿಂದಾಗಿ ಊರಿನವರು ಇದನ್ನು ‘ಕೆಪ್ಪಜೋಗ’ ಎನ್ನುತ್ತಾರೆ. ಬ್ರಿಟಿಷ್ ಜಿಲ್ಲಾಧಿಕಾರಿ ಲಷಿಂಗ್ಟನ್ 1845ರಲ್ಲಿ ಇಲ್ಲಿಗೆ ಬಂದುದರಿಂದ ಹಳೆಯ ಬರಹಗಳಲ್ಲಿ ಅವರ ಹೆಸರಿನಿಂದಲೂ ಇದು ಕಾಣಿಸಿಕೊಳ್ಳುತ್ತದೆ. ಅಘನಾಶಿನಿಗೆ ದೊಡ್ಡ ಅಣೆಕಟ್ಟು ಇಲ್ಲ. ಹೀಗಾಗಿ ಮಳೆ ಬಂದಷ್ಟೂ ನೀರು ನೇರವಾಗಿ ಇಲ್ಲಿಗೆ ಬರುತ್ತದೆ.

ಮಾಗೋಡು: ಯಲ್ಲಾಪುರದಿಂದ ಸುಮಾರು 18 ಕಿ.ಮೀ. ದೂರದಲ್ಲಿ ಬೇಡ್ತಿ ನದಿ ಎರಡು ಹಂತಗಳಲ್ಲಿ ಸುಮಾರು 200 ಮೀಟರ್ ಆಳದ ಕಂದರಕ್ಕೆ ಇಳಿಯುತ್ತದೆ. ಎದುರಿನ ಗುಡ್ಡದ ಕಟ್ಟೆಯಿಂದಲೇ ನೋಡಬೇಕು. ಸಮೀಪದ ಜೇನುಕಲ್ಲು ಗುಡ್ಡ ಸೂರ್ಯಾಸ್ತಕ್ಕೆ ಹೆಸರಾದ ಸ್ಥಳ.

ಈ ಮೂರೂ ಕಡೆ ನೀರಿಗಿಳಿಯುವ ಪ್ರಶ್ನೆಯೇ ಇಲ್ಲ. ಕಟಾಂಜನದ ಒಳಗೆ ನಿಂತು ನೋಡಿ ಮರಳುವುದೇ ಇಲ್ಲಿನ ಶಿಸ್ತು.

ನೀರಿನ ಸಮೀಪಕ್ಕೆ ಹೋಗಬಹುದಾದವು

ಸಾತೊಡ್ಡಿ: ಯಲ್ಲಾಪುರದಿಂದ ಸುಮಾರು 30 ಕಿ.ಮೀ. ದೂರದ ಈ ಜಲಪಾತ ಕೇವಲ 15 ಮೀಟರ್ ಎತ್ತರದ್ದಾದರೂ ಅಗಲವಾಗಿ ಹರಡಿ ಬೀಳುವ ಚೆಲುವಿಗೆ ಪ್ರಸಿದ್ಧ. ಇಲ್ಲಿಂದ ಹರಿದ ನೀರು ಕಾಳಿ ನದಿಯ ಕೊಡಸಳ್ಳಿ ಜಲಾಶಯದ ಹಿನ್ನೀರನ್ನು ಸೇರುತ್ತದೆ. ಕೊನೆಯ ಹಾದಿಯನ್ನು ಕಾಲ್ನಡಿಗೆಯಲ್ಲಿ ಕ್ರಮಿಸಬೇಕು.

ವಿಭೂತಿ: ಯಾಣದ ಸಮೀಪ, ಅಂಕೋಲಾ ತಾಲ್ಲೂಕಿನಲ್ಲಿದೆ. ಸುತ್ತಲಿನ ಸುಣ್ಣಕಲ್ಲಿನ ಬಿಳಿ ಬಣ್ಣದಿಂದ ಈ ಹೆಸರು ಬಂದಿತೆನ್ನುತ್ತಾರೆ. ಯಾಣದ ಭೈರವೇಶ್ವರ ಮತ್ತು ಮೋಹಿನಿ ಶಿಖರಗಳನ್ನು ನೋಡಿದವರು ಸಾಮಾನ್ಯವಾಗಿ ಅದೇ ದಿನ ಇಲ್ಲಿಗೂ ಬರುತ್ತಾರೆ. ಕೆಳಗಿನ ಕೊಳಗಳಲ್ಲಿ ಬೇಸಿಗೆಯಲ್ಲಿಯೂ ನೀರಿರುತ್ತದೆ.

ಬುರುಡೆ: ಸಿದ್ದಾಪುರದಿಂದ ಸುಮಾರು 20 ಕಿ.ಮೀ. ದೂರದಲ್ಲಿ ಮೆಟ್ಟಿಲು ಮೆಟ್ಟಿಲಾಗಿ ಇಳಿಯುವ ಜಲಪಾತ. ಇಳಿದ ನೀರು ಅಘನಾಶಿನಿಯನ್ನು ಕೂಡುತ್ತದೆ. ಮಳೆಗಾಲದಲ್ಲಿ ಇಲ್ಲಿಗಿಳಿಯುವ ದಾರಿ ಅತ್ಯಂತ ಜಾರು.

ಸಹಸ್ರಲಿಂಗ: ಶಿರಸಿಯಿಂದ ಸುಮಾರು 15 ಕಿ.ಮೀ. ದೂರದಲ್ಲಿ ಶಾಲ್ಮಲಾ ನದಿಯ ಬಂಡೆಗಳ ಮೇಲೆ ಶಿವಲಿಂಗಗಳನ್ನು ಕೆತ್ತಲಾಗಿದೆ. ಸೋಂದೆಯ ಅರಸರ ಕಾಲದ ಈ ಕೆತ್ತನೆಗಳು ಹೊಳೆ ಇಳಿದ ಮೇಲಷ್ಟೇ ಪೂರ್ತಿಯಾಗಿ ಕಾಣುತ್ತವೆ. ಶಿವರಾತ್ರಿಯಂದು ಜನಜಾತ್ರೆ ನೆರೆಯುತ್ತದೆ.

ಈ ಪಟ್ಟಿಯಲ್ಲಿರುವುದೆಂದ ಮಾತ್ರಕ್ಕೆ ಎಲ್ಲಿ ಬೇಕಾದರೂ ಈಜಬಹುದು ಎಂದರ್ಥವಲ್ಲ. ಒಂದೇ ಹೊಳೆಯಲ್ಲಿ ಮೊಣಕಾಲುದ್ದದ ನೀರು ಮತ್ತು ಆಳುದ್ದ ಮೀರಿದ ಗುಂಡಿ ಹತ್ತು ಹೆಜ್ಜೆಗಳ ಅಂತರದಲ್ಲಿರುತ್ತವೆ.

ಯಾವ ಕಾಲ ಸೂಕ್ತ?

ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಜಲಪಾತಗಳು ಪೂರ್ಣ ರೂಪದಲ್ಲಿರುತ್ತವೆ. ಆದರೆ ಈ ಅವಧಿ ದೂರದಿಂದ ನೋಡುವುದಕ್ಕಷ್ಟೇ ಯೋಗ್ಯ. ಮಂಜು ಮುಸುಕಿ ಏನೂ ಕಾಣದೆ ಮರಳುವ ದಿನಗಳೂ ಉಂಟು. ಮುಂಗಾರಿನಲ್ಲಿ ಜಲಪಾತ, ಹೊಳೆಗಳ ಬಳಿಗೆ ಪ್ರವೇಶ ನಿರ್ಬಂಧಿಸಿ ಜಿಲ್ಲಾಡಳಿತ ಆದೇಶ ಹೊರಡಿಸುವುದುಂಟು. ಹೊರಡುವ ಮುನ್ನ ತಾಲ್ಲೂಕು ಕಚೇರಿ ಅಥವಾ ಅರಣ್ಯ ಇಲಾಖೆಯ ವಲಯ ಕಚೇರಿಯಲ್ಲಿ ವಿಚಾರಿಸುವುದು ಒಳ್ಳೆಯದು. ರಸ್ತೆಯ ಸ್ಥಿತಿಯನ್ನೂ ಕೇಳಬೇಕು. 2024ರ ಜುಲೈ 16ರಂದು ಅಂಕೋಲಾ ತಾಲ್ಲೂಕಿನ ಶಿರೂರಿನಲ್ಲಿ ಗುಡ್ಡ ಕುಸಿದು ರಾಷ್ಟ್ರೀಯ ಹೆದ್ದಾರಿ 66 ಮುಚ್ಚಿಹೋದುದನ್ನೂ, ಹಲವರು ಪ್ರಾಣ ಕಳೆದುಕೊಂಡುದನ್ನೂ ರಾಜ್ಯ ಮರೆತಿಲ್ಲ.

ಅಕ್ಟೋಬರ್ ಕೊನೆಯಿಂದ ಜನವರಿಯವರೆಗೆ ಭೇಟಿಗೆ ಅತ್ಯುತ್ತಮ ಕಾಲ. ಮಳೆ ನಿಂತು ನೀರು ತಿಳಿಯಾಗಿರುತ್ತದೆ, ಹಾದಿ ಒಣಗಿರುತ್ತದೆ. ಫೆಬ್ರುವರಿಯ ನಂತರ ಸಣ್ಣ ಅಬ್ಬಿಗಳು ಸೊರಗುತ್ತವೆ. ಆದರೆ ಗುಂಡಿಗಳು ಬತ್ತುವುದಿಲ್ಲ.

ಗುಂಡಿಯಲ್ಲಿ ಅಪಾಯ ಹೇಗೆ?

ಜಲಪಾತದ ಬುಡದಲ್ಲಿ ನೀರಿನೊಡನೆ ಬೀಳುವ ಕಲ್ಲುಗಳು ಸಾವಿರಾರು ವರ್ಷ ಸುತ್ತುತ್ತ ತಳದ ಬಂಡೆಯನ್ನು ಒರಳಿನಂತೆ ಕೊರೆಯುತ್ತವೆ. ಹೀಗಾದ ಗುಂಡಿಯ ಅಂಚು ಇಳಿಜಾರಾಗಿರದೆ ಬಾವಿಯಂತೆ ನೇರವಾಗಿರುತ್ತದೆ. ಸೊಂಟದುದ್ದದ ನೀರಿನಲ್ಲಿ ನಿಂತವರು ಒಂದು ಹೆಜ್ಜೆ ಮುಂದಿಟ್ಟರೆ ಕಾಲಿಗೆ ನೆಲ ಸಿಗುವುದಿಲ್ಲ. ಮೇಲಿನಿಂದ ನೋಡುವವರಿಗೆ ನೀರು ಶಾಂತವಾಗಿ ಕಾಣುವುದರಿಂದ ಈ ವ್ಯತ್ಯಾಸ ತಿಳಿಯುವುದಿಲ್ಲ.

ಎರಡನೆಯದು, ನೀರು ಬೀಳುವ ಜಾಗದ ಸುಳಿ. ಧುಮುಕಿದ ನೀರು ತಳಕ್ಕಿಳಿದು, ಮೇಲೆದ್ದು, ಅದರ ಒಂದು ಭಾಗ ಮತ್ತೆ ಜಲಪಾತದ ಕಡೆಗೇ ತಿರುಗುತ್ತದೆ. ಅಲ್ಲಿ ಸಿಲುಕಿದವರನ್ನು ನೀರು ಮರಳಿ ಮರಳಿ ಒಳಗೆಳೆಯುತ್ತದೆ. ನೊರೆಗಟ್ಟಿದ ನೀರಿನಲ್ಲಿ ಗಾಳಿ ಬೆರೆತಿರುವುದರಿಂದ ಅದು ದೇಹವನ್ನು ತೇಲಿಸುವ ಶಕ್ತಿಯೂ ಕಡಿಮೆ. ನುರಿತ ಈಜುಗಾರರೂ ಇಲ್ಲಿ ಸೋಲುವುದು ಈ ಕಾರಣಕ್ಕೆ.

ಮೂರನೆಯದು ಪಾಚಿ. ಜಲಪಾತದ ತುಂತುರು ಬಿದ್ದ ಬಂಡೆ ಒಣಗಿದಂತೆ ಕಂಡರೂ ಕಾಲಿಟ್ಟರೆ ಜಾರುತ್ತದೆ. 2023ರ ಜುಲೈನಲ್ಲಿ ನೆರೆಯ ಉಡುಪಿ ಜಿಲ್ಲೆಯ ಕೊಲ್ಲೂರು ಸಮೀಪದ ಅರಸಿನಗುಂಡಿ ಜಲಪಾತದಲ್ಲಿ ಬಂಡೆಯ ಮೇಲೆ ನಿಂತಿದ್ದ ಯುವಕನೊಬ್ಬ ಕಾಲು ಜಾರಿ ನೀರುಪಾಲಾದ. ಅದನ್ನು ಚಿತ್ರೀಕರಿಸುತ್ತಿದ್ದ ದೃಶ್ಯ ರಾಜ್ಯದೆಲ್ಲೆಡೆ ಹರಿದಾಡಿತು. ಮೃತದೇಹ ದೊರೆಯಲು ಹಲವು ದಿನಗಳೇ ಬೇಕಾದವು.

ಮಳೆಯಿಲ್ಲದಿದ್ದರೂ ಏರುವ ನೀರು

ಕೆಳಗೆ ಬಿಸಿಲಿದ್ದರೂ ಘಟ್ಟದ ಮೇಲೆ ಮಳೆ ಸುರಿದರೆ ಹೊಳೆ ಅರ್ಧ ಗಂಟೆಯೊಳಗೆ ತುಂಬಬಹುದು. ತಿಳಿನೀರು ಕೆಂಪಾಗುವುದು, ತರಗೆಲೆ-ಕಡ್ಡಿಗಳು ತೇಲಿಬರುವುದು, ಮೊರೆತ ಹೆಚ್ಚುವುದು, ನೀರಿನಂಚಿನ ಗುರುತಿನ ಕಲ್ಲು ಮುಳುಗುವುದು, ಇವು ಪ್ರವಾಹದ ಮುನ್ಸೂಚನೆಗಳು. ಇವುಗಳಲ್ಲಿ ಒಂದು ಕಂಡರೂ ಸಾಮಾನುಗಳನ್ನು ಅಲ್ಲಿಯೇ ಬಿಟ್ಟು ದಂಡೆಯ ಮೇಲ್ಭಾಗಕ್ಕೆ ಏರಬೇಕು. ಹೊಳೆಯ ನಡುವಿನ ಬಂಡೆ ಸುರಕ್ಷಿತವೆಂದು ಅಲ್ಲಿ ನಿಲ್ಲುವುದು ಮಾರಕ. 2024ರ ಜೂನ್ 30ರಂದು ಮಹಾರಾಷ್ಟ್ರದ ಲೋನಾವಳಾದ ಭೂಶಿ ಅಣೆಕಟ್ಟಿನ ಬಳಿಯ ಜಲಪಾತದಲ್ಲಿ ಒಂದೇ ಕುಟುಂಬದ ಐವರು ಕೊಚ್ಚಿಹೋದುದು ಹೀಗೆ ನಡುನೀರಿನಲ್ಲಿ ಸಿಲುಕಿದ್ದರಿಂದಲೇ.

ಕಾಳಿ ನದಿಯ ವಿಷಯದಲ್ಲಿ ಮತ್ತೊಂದು ಎಚ್ಚರ ಬೇಕು. ಸೂಪಾ, ಕೊಡಸಳ್ಳಿ, ಕದ್ರಾ ಮೊದಲಾದ ಅಣೆಕಟ್ಟುಗಳಿರುವ ಈ ನದಿಯಲ್ಲಿ ವಿದ್ಯುತ್ ಉತ್ಪಾದನೆಗಾಗಿ ನೀರು ಬಿಟ್ಟಾಗ ಬೇಸಿಗೆಯಲ್ಲಿಯೂ ಮಟ್ಟ ಏರುತ್ತದೆ. ಬೆಳಿಗ್ಗೆ ನಡೆದು ದಾಟಿದ ಜಾಗವನ್ನು ಸಂಜೆ ದಾಟಲಾಗದಿರಬಹುದು.

ಒಬ್ಬರ ಹಿಂದೊಬ್ಬರು

2023ರ ಡಿಸೆಂಬರ್‌ನಲ್ಲಿ ಶಿರಸಿ ತಾಲ್ಲೂಕಿನ ಶಾಲ್ಮಲಾ ನದಿಯ ಭೂತನಗುಂಡಿಯಲ್ಲಿ ಒಂದೇ ಕುಟುಂಬದ ಐವರು ಮುಳುಗಿ ಮೃತಪಟ್ಟರು. ಅದು ಮಳೆಗಾಲವಲ್ಲ, ಹೊಳೆಯಲ್ಲಿ ಪ್ರವಾಹವೂ ಇರಲಿಲ್ಲ. ನೀರಿಗೆ ಬಿದ್ದವರನ್ನು ಉಳಿಸಲು ಇಳಿದವರೂ ಮುಳುಗಿದ್ದು ಸಾವಿನ ಸಂಖ್ಯೆ ಹೆಚ್ಚಲು ಕಾರಣವಾಯಿತು. ಒಬ್ಬರನ್ನು ರಕ್ಷಿಸಲು ಹೋಗಿ ಹಲವರು ಮುಳುಗುವ ಪ್ರಕರಣಗಳು ಹೊಳೆ, ಕೆರೆಗಳಲ್ಲಿ ಪದೇ ಪದೇ ನಡೆಯುತ್ತಿವೆ. ಮುಳುಗುತ್ತಿರುವವರು ಕೈಗೆ ಸಿಕ್ಕವರನ್ನು ಬಿಗಿಯಾಗಿ ಅಪ್ಪಿಕೊಳ್ಳುತ್ತಾರೆ, ಇಬ್ಬರೂ ತಳ ಸೇರುತ್ತಾರೆ.

ಆದ್ದರಿಂದ ನೀರಿಗೆ ಹಾರುವುದು ಕೊನೆಯ ಉಪಾಯವಾಗಬೇಕೇ ಹೊರತು ಮೊದಲನೆಯದಲ್ಲ. ದಂಡೆಯಿಂದಲೇ ಉದ್ದನೆಯ ಗಳು, ಮರದ ಕೊಂಬೆ, ಹಗ್ಗ, ಗಂಟು ಹಾಕಿದ ಸೀರೆ ಅಥವಾ ಪಂಚೆಯನ್ನು ಚಾಚಬೇಕು. ಮುಚ್ಚಳ ಬಿಗಿದ ಖಾಲಿ ಕ್ಯಾನ್ ಎಸೆದರೂ ಆಸರೆಯಾಗುತ್ತದೆ. ಪ್ರವಾಸಿ ತಂಡವೊಂದು ಇಪ್ಪತ್ತು ಮೀಟರ್ ಹಗ್ಗ ಮತ್ತು ಅಂಥ ಒಂದು ಕ್ಯಾನನ್ನು ಜೊತೆಗೊಯ್ಯುವುದು ದೊಡ್ಡ ಹೊರೆಯಲ್ಲ. ಮೇಲೆತ್ತಿದ ವ್ಯಕ್ತಿಯ ಉಸಿರು ನಿಂತಿದ್ದರೆ ಹೊಟ್ಟೆಯನ್ನು ಒತ್ತಿ ನೀರು ಹೊರತೆಗೆಯಲು ಹೋಗದೆ, ತಕ್ಷಣ ಬಾಯಿಗೆ ಬಾಯಿಟ್ಟು ಉಸಿರು ನೀಡುವುದನ್ನೂ ಎದೆಯೊತ್ತುವುದನ್ನೂ ಆರಂಭಿಸಬೇಕು. ತುರ್ತು ಕರೆಯ ಸಂಖ್ಯೆ 112. ಸಂಪರ್ಕ ಸಿಗುವ ಕೊನೆಯ ಜಾಗ ಯಾವುದೆಂದು ಹೋಗುವಾಗಲೇ ಗುರುತಿಟ್ಟುಕೊಳ್ಳಬೇಕು.

ಇಂಬಳ, ಉಣುಗು ಮತ್ತು ಕಾಡು

ಮಳೆಗಾಲದ ಕಾಡಿನಲ್ಲಿ ಇಂಬಳಗಳ ಕಾಟ ಸಹಜ. ಸುಣ್ಣ ಅಥವಾ ಉಪ್ಪು ತಾಗಿಸಿದರೆ ಬಿಡುತ್ತವೆ, ಪ್ರಾಣಾಪಾಯವಿಲ್ಲ. ಬೇಸಿಗೆಯ ಉಣುಗು ಹಾಗಲ್ಲ. 1957ರಲ್ಲಿ ಶಿವಮೊಗ್ಗ ಜಿಲ್ಲೆಯ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಮೊದಲು ಗುರುತಿಸಲಾದ ಮಂಗನ ಕಾಯಿಲೆ ಉಣುಗಿನ ಕಡಿತದಿಂದ ಹರಡುತ್ತದೆ. ಡಿಸೆಂಬರ್‌ನಿಂದ ಮೇವರೆಗೆ ಇದರ ಹಾವಳಿ. 2024ರಲ್ಲಿ ಸಿದ್ದಾಪುರ ತಾಲ್ಲೂಕಿನಲ್ಲಿ ಅನೇಕರು ಇದಕ್ಕೆ ತುತ್ತಾದರು. ಈ ತಿಂಗಳುಗಳಲ್ಲಿ ಕಾಡುಹಾದಿ ಹಿಡಿಯುವವರು ಮೈತುಂಬ ಬಟ್ಟೆ ಧರಿಸಬೇಕು, ತರಗೆಲೆಯ ಮೇಲೆ ಕುಳಿತುಕೊಳ್ಳಬಾರದು, ಮಂಗ ಸತ್ತುಬಿದ್ದ ಜಾಗದಿಂದ ದೂರವಿರಬೇಕು. ಮರಳಿದ ಬಳಿಕ ಜ್ವರ ಬಂದರೆ ಕಾಡಿಗೆ ಹೋಗಿದ್ದ ಸಂಗತಿಯನ್ನು ವೈದ್ಯರಿಗೆ ತಿಳಿಸಬೇಕು.

ಅಘನಾಶಿನಿ ಕಣಿವೆ ಅಳಿವಿನಂಚಿನ ಸಿಂಹಬಾಲದ ಸಿಂಗಳೀಕಗಳ ನೆಲೆ. ಇವು ಬಹುಮಟ್ಟಿಗೆ ಮರದ ಮೇಲೆಯೇ ಬದುಕುವ ಪ್ರಾಣಿಗಳು. ತಿನಿಸು ಎಸೆದು ನೆಲಕ್ಕಿಳಿಸುವುದು ಅವುಗಳಿಗೆ ಕೇಡು.

ಊರವರ ಕುಡಿಯುವ ನೀರು

ಈ ಭಾಗದ ಅನೇಕ ಮನೆಗಳಿಗೆ ಬಾವಿಗಿಂತ ‘ಅಬ್ಬಿ ನೀರು’ ಆಧಾರ. ಗುಡ್ಡದ ಮೇಲಿನ ಹಳ್ಳದ ನೀರನ್ನು ಹಿಂದೆ ಅಡಿಕೆ ಮರದ ದಂಬೆಗಳಲ್ಲಿ, ಈಗ ಪೈಪುಗಳಲ್ಲಿ ಅಂಗಳಕ್ಕೆ ಹರಿಸಿಕೊಳ್ಳುತ್ತಾರೆ. ಪಂಪಿಲ್ಲ, ವಿದ್ಯುತ್ತಿಲ್ಲ, ಇಳಿಜಾರೇ ಸಾಕು. ಕೆಳಗಿನ ಅಡಿಕೆ ತೋಟಗಳಿಗೂ ಅದೇ ನೀರು. ಪ್ರವಾಸಿಗರು ಮೇಲಿನ ಗುಂಡಿಯಲ್ಲಿ ಸಾಬೂನು, ಶಾಂಪೂ ಬಳಸಿದರೆ, ಎಂಜಲೆಲೆ ಎಸೆದರೆ ಅದು ಕೆಳಗಿನ ಮನೆಯ ಹಂಡೆಗೆ ಸೇರುತ್ತದೆ. ಒಡೆದ ಬಾಟಲಿಯ ಚೂರು ಬರಿಗಾಲಿನಲ್ಲಿ ಹಳ್ಳ ದಾಟುವ ಕೂಲಿಯಾಳಿನ ಕಾಲಿಗೆ ನಾಟುತ್ತದೆ. ಕೆಲವು ಊರುಗಳಲ್ಲಿ ಪ್ರವಾಸಿಗರನ್ನು ಕಂಡರೆ ಜನ ಮುಖ ತಿರುಗಿಸುವುದಕ್ಕೆ ಕಾರಣ ಇದೇ ಹೊರತು ಆತಿಥ್ಯದ ಕೊರತೆಯಲ್ಲ.

ಇದೇ ಊರವರು ಹೊಳೆಯ ಅತ್ಯುತ್ತಮ ಬಲ್ಲಿದರೂ ಹೌದು. ಯಾವ ಗುಂಡಿಗೆ ಎಷ್ಟು ಆಳ, ಯಾವ ಬಂಡೆಯ ಕೆಳಗೆ ಪೊಟರೆಯಿದೆ, ಯಾರು ಎಲ್ಲಿ ಮುಳುಗಿದರು ಎಂಬುದನ್ನು ಅವರು ಬಲ್ಲರು. ದಾರಿಯ ಕೊನೆಯ ಮನೆಯಲ್ಲಿ ನಿಂತು ವಿಚಾರಿಸಿ, ಅವರು ಬೇಡವೆಂದ ಕಡೆ ಇಳಿಯದಿರುವುದೇ ಎಲ್ಲಕ್ಕಿಂತ ದೊಡ್ಡ ಸುರಕ್ಷತಾ ಕ್ರಮ.

ಹೋಗುವುದು ಹೇಗೆ?

ಅಘನಾಶಿನಿ ಮತ್ತು ಶಾಲ್ಮಲಾ ಭಾಗದ ತಾಣಗಳಿಗೆ ಶಿರಸಿ, ಬೇಡ್ತಿ ಮತ್ತು ಸಾತೊಡ್ಡಿಗೆ ಯಲ್ಲಾಪುರ, ಕಾಳಿ ಕಣಿವೆಗೆ ದಾಂಡೇಲಿ ಅನುಕೂಲಕರ ತಂಗುದಾಣಗಳು. ಬೆಂಗಳೂರಿನಿಂದ ಶಿರಸಿಗೆ ಸುಮಾರು 400 ಕಿ.ಮೀ. ರಾತ್ರಿ ಬಸ್ಸುಗಳಿವೆ. ಹುಬ್ಬಳ್ಳಿ ಸಮೀಪದ ದೊಡ್ಡ ರೈಲು ನಿಲ್ದಾಣ, ಕರಾವಳಿಯಿಂದ ಬರುವವರಿಗೆ ಕುಮಟಾ ಹತ್ತಿರ. ಒಳಹಳ್ಳಿಗಳಿಗೆ ಬಸ್ಸು ವಿರಳವಾದ್ದರಿಂದ ಸ್ವಂತ ಅಥವಾ ಬಾಡಿಗೆ ವಾಹನ ಬೇಕು. ಇಂಧನ ಪಟ್ಟಣದಲ್ಲಿಯೇ ತುಂಬಿಸಿಕೊಳ್ಳಬೇಕು. ಒಂದು ದಿನಕ್ಕೆ ಎರಡು ತಾಣಗಳಿಗಿಂತ ಹೆಚ್ಚು ಇಟ್ಟುಕೊಳ್ಳದೆ, ಕತ್ತಲಾಗುವ ಮುನ್ನ ಡಾಂಬರು ರಸ್ತೆ ಸೇರುವಂತೆ ಯೋಜಿಸಿಕೊಂಡರೆ ಪ್ರವಾಸ ನಿರಾತಂಕ.