ಕೊಳಗದ ಲೆಕ್ಕ

ಕೊಳಗ ಎಂದರೆ ಭತ್ತ ಅಳೆಯುವ ಪಾತ್ರೆ. ಕಿಲೋ, ಕ್ವಿಂಟಾಲ್‌ಗಳು ಬರುವ ಮೊದಲು ಮಲೆನಾಡಿನ ಕಣಗಳಲ್ಲಿ ಫಸಲಿನ ಪಾಲು ತೀರ್ಮಾನವಾಗುತ್ತಿದ್ದುದು ಇದರಿಂದಲೇ. ಗೇಣಿದಾರ ಮಳೆಗಾಲವಿಡೀ ಕೆಸರಿನಲ್ಲಿ ನಿಂತು ಬೆಳೆದ ಭತ್ತ ಕಣಕ್ಕೆ ಬಂದ ಮೇಲೆ ಭೂಮಾಲೀಕನಿಗೆ ಇಷ್ಟು ಕೊಳಗ ಎಂದು ಗೇಣಿ ಅಳೆಯಬೇಕಿತ್ತು. ಎಷ್ಟು ಕೊಳಗ ಎಂಬುದು ಇಬ್ಬರಿಗೂ ಗೊತ್ತಿದ್ದ ಮಾತು. ಆದರೆ ಆ ಕೊಳಗ ಎಷ್ಟು ದೊಡ್ಡದು? ಅದನ್ನು ನಿರ್ಧರಿಸುತ್ತಿದ್ದವನು ಕೊಳಗದ ಒಡೆಯ.

1951ರ ಏಪ್ರಿಲ್‌ನಲ್ಲಿ ಸಾಗರ ತಾಲ್ಲೂಕಿನ ಕಾಗೋಡಿನಲ್ಲಿ ಆರಂಭವಾದ ರೈತ ಸತ್ಯಾಗ್ರಹದ ಬೇರು ಈ ಪ್ರಶ್ನೆಯಲ್ಲಿದೆ. ಸರ್ಕಾರಿ ಅಳತೆಗಿಂತ ದೊಡ್ಡ ಕೊಳಗದಲ್ಲಿ ಗೇಣಿ ಅಳೆಸಿಕೊಳ್ಳುತ್ತಾರೆ ಎಂಬುದು ಅಲ್ಲಿನ ದೀವರ ಗೇಣಿದಾರರ ತಕರಾರು. ಸರಿಯಾದ ಕೊಳಗ ತನ್ನಿ, ಕೊಟ್ಟ ಗೇಣಿಗೆ ರಸೀದಿ ಕೊಡಿ ಎಂದು ಅವರು ಕೇಳಿದರು. ಜಗಳ ಬೆಳೆದು ಭೂಮಿಯಿಂದ ಹೊರಹಾಕುವವರೆಗೆ ಹೋಯಿತು. ಎಚ್. ಗಣಪತಿಯಪ್ಪನವರ ಮುಂದಾಳತ್ವದಲ್ಲಿ ಸಂಘಟಿತರಾಗಿದ್ದ ರೈತರು ತಾವು ಉಳುತ್ತಿದ್ದ ಗದ್ದೆಗಳಿಗೆ ತಂಡತಂಡವಾಗಿ ಇಳಿದು ಬಂಧನಕ್ಕೊಳಗಾದರು. ಶಾಂತವೇರಿ ಗೋಪಾಲಗೌಡರೂ ಸಮಾಜವಾದಿ ಪಕ್ಷವೂ ಜೊತೆಗೆ ನಿಂತ ಮೇಲೆ ಹೋರಾಟ ತಾಲ್ಲೂಕಿನ ಗಡಿ ದಾಟಿತು. ಜೂನ್ ತಿಂಗಳಲ್ಲಿ ರಾಮಮನೋಹರ ಲೋಹಿಯಾ ಬಂದರು, ಅವರನ್ನೂ ಬಂಧಿಸಲಾಯಿತು.

ಈ ಕಥೆಯನ್ನು ನಾವು ಸಾಮಾನ್ಯವಾಗಿ ನಾಯಕರ ಕಡೆಯಿಂದ ಓದುತ್ತೇವೆ. ಗೋಪಾಲಗೌಡರು 1952ರ ಚುನಾವಣೆಯಲ್ಲಿ ಗೆದ್ದು ವಿಧಾನಸಭೆಗೆ ಹೋದದ್ದು, 1974ರಲ್ಲಿ ದೇವರಾಜ ಅರಸು ಸರ್ಕಾರದ ಭೂಸುಧಾರಣಾ ತಿದ್ದುಪಡಿ ಜಾರಿಗೆ ಬಂದು ಉಳುವವನಿಗೆ ಹೊಲದ ಹಕ್ಕು ದೊರೆತದ್ದು, ಎಲ್ಲವೂ ಒಂದೇ ದಾರದಲ್ಲಿ ಪೋಣಿಸಿದಂತೆ ಕಾಣುತ್ತದೆ. ಆದರೆ 1951ರಲ್ಲಿ ಗದ್ದೆಗೆ ಇಳಿದವನಿಗೆ 1974 ಕಾಣುತ್ತಿರಲಿಲ್ಲ. ಅವನಿಗೆ ಕಾಣುತ್ತಿದ್ದುದು ಪೊಲೀಸರು, ಕೈತಪ್ಪಿಹೋಗಲಿದ್ದ ಗದ್ದೆ, ಮನೆಯಲ್ಲಿದ್ದ ಮಕ್ಕಳು. ಹಾಗಿದ್ದೂ ಅವನು ಯಾಕೆ ಇಳಿದ?

ಬಡತನ, ಶೋಷಣೆ ಎಂಬ ಉತ್ತರ ತಟ್ಟನೆ ಬರುತ್ತದೆ. ಅದು ಸುಳ್ಳಲ್ಲ, ಆದರೆ ಸಾಲದು. ಬಡತನ ಕಾಗೋಡಿನಲ್ಲಿ ಮಾತ್ರ ಇರಲಿಲ್ಲ, 1951ರಲ್ಲಿ ಹೊಸದಾಗಿ ಹುಟ್ಟಿದ್ದೂ ಅಲ್ಲ. ಬಿಟ್ಟಿ ದುಡಿಮೆ, ಒಡೆಯರ ಮುಂದೆ ಹೇಗೆ ನಿಲ್ಲಬೇಕು ಎಂಬ ಕಟ್ಟುಪಾಡು, ದೊಡ್ಡ ಕೊಳಗ ಎಲ್ಲವೂ ತಲೆಮಾರುಗಳಿಂದ ಬಂದವು. ಸಂಕಟವೊಂದೇ ಜನರನ್ನು ಎಬ್ಬಿಸುವುದಾದರೆ ನಮ್ಮ ಚರಿತ್ರೆಯಲ್ಲಿ ಚಳವಳಿ ನಡೆಯದ ಒಂದು ದಿನವೂ ಇರುತ್ತಿರಲಿಲ್ಲ.

ಅಮೆರಿಕದ ಅರ್ಥಶಾಸ್ತ್ರಜ್ಞ ಮ್ಯಾನ್ಸರ್ ಓಲ್ಸನ್ 1965ರ ತನ್ನ ಪುಸ್ತಕದಲ್ಲಿ ಈ ಪ್ರಶ್ನೆಯನ್ನು ತಿರುಗಿಸಿ ಕೇಳಿದ. ಚಳವಳಿ ಗೆದ್ದರೆ ಅದರ ಫಲ ಎಲ್ಲರಿಗೂ ಸಿಗುತ್ತದೆ, ಜೈಲಿಗೆ ಹೋದವನಿಗೂ ಮನೆಯಲ್ಲಿ ಕೂತವನಿಗೂ. ಹಾಗಾದರೆ ಲೆಕ್ಕ ಬಲ್ಲವನು ಮನೆಯಲ್ಲೇ ಕೂರುತ್ತಾನಲ್ಲವೇ? ಕೊಳಗ ಸರಿಯಾದರೆ ಊರಿನ ಎಲ್ಲ ಗೇಣಿದಾರರಿಗೂ ಸರಿಯಾಗುತ್ತದೆ. ಹೊಡೆತ ಮಾತ್ರ ಮುಂದೆ ಹೋದವನಿಗೆ. ಈ ತರ್ಕದಲ್ಲಿ ತಪ್ಪು ಹುಡುಕುವುದು ಸುಲಭವಲ್ಲ. ಚಳವಳಿಗೆ ಬಾರದವರನ್ನು ಹೇಡಿಗಳೆಂದು ಜರೆಯುವ ಮೊದಲು ಇದನ್ನು ನೆನೆಯುವುದು ಒಳ್ಳೆಯದು. ಹೆಚ್ಚಿನ ಜನ ಹೆಚ್ಚಿನ ಸಲ ಬರುವುದಿಲ್ಲ. ವಿವರಣೆ ಬೇಕಾಗಿರುವುದು ಬಂದವರ ಬಗ್ಗೆ.

ಕಾಗೋಡಿನ ಕೊಳಗವೇ ಇಲ್ಲಿ ಮೊದಲ ಸುಳಿವು ಕೊಡುತ್ತದೆ. ಅಲ್ಲಿನ ರೈತರು ಆರಂಭದಲ್ಲಿ ಗೇಣಿಯನ್ನೇ ರದ್ದು ಮಾಡಿ ಎಂದು ಕೇಳಲಿಲ್ಲ, ಭೂಮಿ ನಮ್ಮದು ಎಂದೂ ಹೇಳಲಿಲ್ಲ. ಗೇಣಿ ಕೊಡುತ್ತೇವೆ, ಆದರೆ ಅಳತೆ ನ್ಯಾಯವಾಗಿರಲಿ ಎಂದರು. ಇಂಗ್ಲೆಂಡಿನ ಇತಿಹಾಸಕಾರ ಇ. ಪಿ. ಥಾಂಪ್ಸನ್ 1971ರ ಒಂದು ಪ್ರಬಂಧದಲ್ಲಿ ಇಂಥದೇ ಸಂಗತಿಯನ್ನು ಗಮನಿಸಿದ್ದಾನೆ. ಹದಿನೆಂಟನೇ ಶತಮಾನದ ಇಂಗ್ಲೆಂಡಿನಲ್ಲಿ ಧಾನ್ಯದ ಬೆಲೆ ಏರಿದಾಗ ಜನ ದಂಗೆ ಎದ್ದರು. ಆದರೆ ಎಷ್ಟೋ ಕಡೆ ಅವರು ಧಾನ್ಯವನ್ನು ಲೂಟಿ ಮಾಡಲಿಲ್ಲ. ತಮಗೆ ನ್ಯಾಯವೆನಿಸಿದ ಬೆಲೆಗೆ ಮಾರಿಸಿ, ಬಂದ ಹಣವನ್ನು ಮಾಲೀಕನಿಗೇ ಒಪ್ಪಿಸಿದರು. ಹಸಿವು ಅವರನ್ನು ಹೊರಗೆ ತಂದಿತ್ತು, ನಿಜ. ಅವರು ಏನು ಮಾಡಬೇಕೆಂಬುದನ್ನು ಹೇಳಿಕೊಟ್ಟದ್ದು ಮಾತ್ರ ನ್ಯಾಯ ಯಾವುದು ಎಂಬ ತಿಳಿವಳಿಕೆ. ಇದನ್ನು ಥಾಂಪ್ಸನ್ ನೈತಿಕ ಅರ್ಥವ್ಯವಸ್ಥೆ ಎಂದು ಕರೆದ.

ಬಡತನವನ್ನು ಹಣೆಬರಹ ಎನ್ನಬಹುದು. ಮಳೆ ಬಾರದಿದ್ದರೆ ದೈವ ಮುನಿದಿದೆ ಎನ್ನಬಹುದು. ಆದರೆ ಕೊಳಗದ ಗಾತ್ರವನ್ನು ದೈವದ ತಲೆಗೆ ಕಟ್ಟಲು ಬರುವುದಿಲ್ಲ. ಅದನ್ನು ಮಾಡಿಸಿದವರು ಯಾರು, ಕಣಕ್ಕೆ ತಂದವರು ಯಾರು ಎಂಬುದು ಕಣ್ಣೆದುರೇ ಇರುತ್ತದೆ. ಪಕ್ಕದಲ್ಲಿ ಸರ್ಕಾರಿ ಅಳತೆಯ ಇನ್ನೊಂದು ಕೊಳಗ ಇಟ್ಟರೆ ಮೋಸ ಎಷ್ಟೆಂದು ಓದು ಬಾರದವರಿಗೂ ತಿಳಿಯುತ್ತದೆ. ಸಂಕಟಕ್ಕೆ ಹೀಗೆ ಒಂದು ಅಳತೆಯೂ ಒಬ್ಬ ಹೊಣೆಗಾರನೂ ಸಿಕ್ಕಾಗ ಅದು ಅನ್ಯಾಯವಾಗುತ್ತದೆ. ಜೊತೆಗೆ ಕಾಲವೂ ಬದಲಾಗಿತ್ತು. ಸ್ವಾತಂತ್ರ್ಯ ಬಂದು ನಾಲ್ಕು ವರ್ಷವಾಗಿತ್ತು, ಸಂವಿಧಾನ ಜಾರಿಯಾಗಿತ್ತು, ಮೊದಲ ಸಾರ್ವತ್ರಿಕ ಚುನಾವಣೆ ಹತ್ತಿರವಿತ್ತು. ದೇಶಕ್ಕೆ ಹೊಸ ಧ್ವಜ ಬಂದ ಮೇಲೂ ಕಣಕ್ಕೆ ಹಳೆಯ ಕೊಳಗವೇ ಏಕೆ ಬರಬೇಕು ಎಂದು ಆಗ ಕೇಳಬಹುದಾಗಿತ್ತು. ಅದೇ ಪ್ರಶ್ನೆಯನ್ನು 1940ರಲ್ಲಿ ಕೇಳಿದ್ದರೆ ಕೇಳಿಸಿಕೊಳ್ಳುವವರು ಕಡಿಮೆ.

ಮೂವತ್ತು ವರ್ಷಗಳ ನಂತರ ಮಲಪ್ರಭಾ ಅಚ್ಚುಕಟ್ಟಿನಲ್ಲೂ ಇದೇ ಬಗೆಯ ಲೆಕ್ಕ ಕಾಣುತ್ತದೆ. ನವಿಲುತೀರ್ಥದ ಅಣೆಕಟ್ಟಿನಿಂದ ನೀರು ಬರುತ್ತದೆ, ಜಮೀನಿನ ಬೆಲೆ ಏರುತ್ತದೆ, ಆದ್ದರಿಂದ ರೈತರು ಅಭಿವೃದ್ಧಿ ಕರ ಕಟ್ಟಬೇಕು ಎಂದು ಸರ್ಕಾರ ಹೇಳಿತು. ಆದರೆ ನೀರು ಸರಿಯಾಗಿ ತಲುಪದ ಹೊಲಗಳಿಗೂ ಕರದ ನೋಟಿಸು ತಲುಪಿತು. 1980ರ ಜುಲೈ 21ರಂದು ನರಗುಂದ, ನವಲಗುಂದಗಳಲ್ಲಿ ನಡೆದ ಪ್ರತಿಭಟನೆ ಗೋಲಿಬಾರಿನಲ್ಲಿ, ಸಾವುನೋವಿನಲ್ಲಿ ಕೊನೆಗೊಂಡಿತು. ಆ ವರ್ಷವೇ ಕರ್ನಾಟಕ ರಾಜ್ಯ ರೈತ ಸಂಘ ರೂಪುಗೊಂಡಿತು. ಆ ರೈತರು ಮಳೆ ಕೈಕೊಟ್ಟ ವರ್ಷಗಳನ್ನು ಎಷ್ಟೋ ಕಂಡವರು. ಮುಗಿಲಿನ ಮೇಲೆ ಅವರು ದೂರು ಕೊಟ್ಟಿರಲಿಲ್ಲ. ಕೊಡದ ನೀರಿಗೆ ಕರ ಕೇಳಿದ್ದು ಬೇರೆ ಮಾತು.

ಆದರೆ ಅನ್ಯಾಯವೆಂದು ತಿಳಿದ ಮಾತ್ರಕ್ಕೆ ಯಾರೂ ಬೀದಿಗೆ ಬರುವುದಿಲ್ಲ. ತಿಳಿದೂ ಸುಮ್ಮನಿರುವವರು ನಾವೆಲ್ಲ. ಇಲ್ಲಿಗೆ ಇನ್ನೊಂದು ಸುಳಿವು ಬೇಕು. ಅದು ನನಗೆ ಸಿಕ್ಕಿದ್ದು ಅಮೆರಿಕದ ಸಮಾಜಶಾಸ್ತ್ರಜ್ಞ ಡಗ್ ಮೆಕಾಡಮ್‌ನ ಅಧ್ಯಯನವೊಂದರಲ್ಲಿ. 1964ರ ಬೇಸಿಗೆಯಲ್ಲಿ ಕಪ್ಪು ಜನರ ಹೆಸರನ್ನು ಮತದಾರರ ಪಟ್ಟಿಗೆ ಸೇರಿಸಲು ಮಿಸಿಸಿಪಿಗೆ ಹೋಗಲು ಉತ್ತರದ ವಿದ್ಯಾರ್ಥಿಗಳು ಅರ್ಜಿ ಹಾಕಿದ್ದರು. ಆ ಜೂನ್‌ನಲ್ಲೇ ಮೂವರು ಯುವಕರು ಅಲ್ಲಿ ಕೊಲೆಯಾದರು. ಅರ್ಜಿ ಹಾಕಿ ಆಯ್ಕೆಯಾದವರಲ್ಲಿ 700ಕ್ಕೂ ಹೆಚ್ಚು ಜನ ಹೋದರು, 200ಕ್ಕೂ ಹೆಚ್ಚು ಜನ ಹಿಂದೆ ಸರಿದರು. ಮೆಕಾಡಮ್ ಎರಡೂ ಗುಂಪಿನವರ ಹಳೆಯ ಅರ್ಜಿಗಳನ್ನು ತೆರೆದು ಓದಿದ. ಆದರ್ಶದಲ್ಲಿ, ನಂಬಿಕೆಯಲ್ಲಿ ಇಬ್ಬರಿಗೂ ಹೇಳಿಕೊಳ್ಳುವಂಥ ವ್ಯತ್ಯಾಸವಿರಲಿಲ್ಲ. ವ್ಯತ್ಯಾಸ ಇದ್ದದ್ದು ಅರ್ಜಿಯ ಬೇರೊಂದು ಭಾಗದಲ್ಲಿ. ನಿಮ್ಮ ಬಗ್ಗೆ ಸುದ್ದಿ ತಿಳಿಸಬೇಕಾದವರ ಹೆಸರು ಬರೆಯಿರಿ ಎಂದು ಅಲ್ಲಿ ಕೇಳಲಾಗಿತ್ತು. ಹೋದವರು ಕೊಟ್ಟ ಹೆಸರುಗಳಲ್ಲಿ ತಮ್ಮಂತೆಯೇ ಹೊರಟಿದ್ದ ಗೆಳೆಯರು ಹೆಚ್ಚಿದ್ದರು.

ಇದನ್ನು ಓದಿದ ಮೇಲೆ ನನಗೆ ನೆನಪಾದದ್ದು ಸಿದ್ದಾಪುರದ ಮಾವಿನಗುಂಡಿ. ಅದು ಸಾಗರದ ನೆರೆಯ ತಾಲ್ಲೂಕು. 1930ರ ದಶಕದ ಆರಂಭದಲ್ಲಿ ಸಿದ್ದಾಪುರ ಮತ್ತು ಅಂಕೋಲಾ ಕರನಿರಾಕರಣೆಗೆ ಹೆಸರಾಗಿದ್ದವು. ಅಂಕೋಲಾವನ್ನು ಕರ್ನಾಟಕದ ಬಾರ್ಡೋಲಿ ಎಂದು ಕರೆಯುತ್ತಿದ್ದರು. ಅಲ್ಲಿ ಮುಂದೆ ಬಂದವರು ತೀರಾ ಬಡವರಲ್ಲ. ಕಂದಾಯ ನಿರಾಕರಿಸಬೇಕಾದರೆ ಕಂದಾಯ ಕಟ್ಟುವಷ್ಟು ಜಮೀನು ಇರಬೇಕಲ್ಲ. ಅಂಕೋಲೆಯ ನಾಡವರು, ಸಿದ್ದಾಪುರದ ಹವ್ಯಕರು ಗದ್ದೆ, ತೋಟ, ಮನೆಗಳನ್ನು ಜಪ್ತಿಗೆ ಬಿಟ್ಟುಕೊಟ್ಟು ಜೈಲಿಗೆ ಹೋದರು. ಹಸಿವಿನಿಂದ ಮಾತ್ರ ಚಳವಳಿ ಹುಟ್ಟುತ್ತದೆ ಎನ್ನುವವರು ಇವರನ್ನು ಎಲ್ಲಿ ಇಡುತ್ತಾರೋ ತಿಳಿಯದು.

ಸರ್ಕಾರ ಆ ಆಸ್ತಿಗಳನ್ನು ಹರಾಜಿಗಿಟ್ಟಿತು. ಹರಾಜಿನಲ್ಲಿ ಕೊಳ್ಳುವವರು ಸಿಕ್ಕರೆ ಚಳವಳಿ ಮುರಿಯುತ್ತದೆ. ಮಾವಿನಗುಂಡಿಯಲ್ಲಿ ಹಾಗೆ ಕೊಂಡವರ ಮನೆಯ ಮುಂದೆ ಹೆಂಗಸರು ಉಪವಾಸ ಕೂತರು. ಸರ್ಕಾರಿ ಕಚೇರಿಯ ಮುಂದೆ ಅಲ್ಲ, ತಮ್ಮದೇ ಸೀಮೆಯವರ ಅಂಗಳದ ಮುಂದೆ. ಇದರಲ್ಲಿ ಒಂದು ಆಳವಾದ ತಿಳಿವಳಿಕೆ ಇದೆ ಎಂದು ನನಗನಿಸುತ್ತದೆ. ಮುಂಬೈ ಸರ್ಕಾರಕ್ಕೆ ಅವರ ಉಪವಾಸ ಒಂದು ವರದಿಯ ಸಾಲು ಮಾತ್ರ. ನೆರೆಯವರಿಗೆ ಹಾಗಲ್ಲ. ನಾಳೆ ಮದುವೆಗೆ, ತಿಥಿಗೆ, ಅಡಿಕೆ ಕೊಯ್ಲಿಗೆ ಇದೇ ಮುಖಗಳನ್ನು ನೋಡಬೇಕು. ಓಲ್ಸನ್‌ನ ಲೆಕ್ಕದಲ್ಲಿ ಇರುವವನು ಒಂಟಿ ಮನುಷ್ಯ, ಅವನಿಗೆ ನೆರೆಹೊರೆ ಇಲ್ಲ. ನಮ್ಮ ಹಳ್ಳಿಗಳಲ್ಲಿ ಅಂಥ ಮನುಷ್ಯ ಸಿಗುವುದು ಕಷ್ಟ. ಭಾವ ಹೊರಟಿದ್ದಾನೆ, ಪಕ್ಕದ ಮನೆಯವನು ಹೊರಟಿದ್ದಾನೆ, ನಾನು ಹೋಗದಿದ್ದರೆ ಸಂಜೆ ಅವರಿಗೆ ಹೇಗೆ ಮುಖ ತೋರಿಸಲಿ? ಕಾಗೋಡಿನಲ್ಲಿ ಗದ್ದೆಗೆ ಇಳಿದವರೂ ಒಂದೇ ಕುಲದ, ನಂಟಸ್ತಿಕೆಯಿಂದ ಹೆಣೆದುಕೊಂಡ ಜನ. ರೈತ ಸಂಘ ಆ ಹೆಣಿಗೆಯ ಮೇಲೆ ನಿಂತಿತು.

ಹೀಗೆಂದರೆ ಹೋರಾಟದ ಘನತೆ ಕಡಿಮೆಯಾಯಿತೆಂದು ಕೆಲವರಿಗೆ ಅನಿಸಬಹುದು. ನನಗೆ ಹಾಗನಿಸುವುದಿಲ್ಲ. ಧೈರ್ಯ ಒಬ್ಬರ ಎದೆಯೊಳಗಿನ ಸ್ವತ್ತು ಎಂದು ನಾವು ತಿಳಿದಿರುತ್ತೇವೆ. ಚರಿತ್ರೆ ಓದಿದರೆ ಅದು ಹೆಚ್ಚಾಗಿ ಕೈಸಾಲದಂತೆ ಒಬ್ಬರಿಂದ ಒಬ್ಬರಿಗೆ ಹೋಗುವ ವಸ್ತು ಎಂದು ತೋರುತ್ತದೆ.

ಆದರೆ ಇದೇ ಮಾತಿಗೆ ಒಂದು ಕಹಿಯಾದ ಮಗ್ಗುಲಿದೆ. ನಂಟು ಯಾರನ್ನು ಒಳಗೆ ತರುತ್ತದೆಯೋ ಉಳಿದವರನ್ನು ಹೊರಗೂ ಇಡುತ್ತದೆ. ಕೊಳಗದ ಪ್ರಶ್ನೆ ಗೇಣಿದಾರನ ಪ್ರಶ್ನೆ. ಗೇಣಿಗೂ ಭೂಮಿ ಸಿಗದೆ, ಗೇಣಿದಾರನ ಗದ್ದೆಯಲ್ಲೂ ಒಡೆಯನ ತೋಟದಲ್ಲೂ ಕೂಲಿ ಮಾಡುತ್ತಿದ್ದವರಿಗೆ ಕಣದಲ್ಲಿ ಅಳೆಯಲು ಭತ್ತವೇ ಇರಲಿಲ್ಲ. ಅಂಥವರಲ್ಲಿ ಹೆಚ್ಚಿನವರು ದಲಿತರು. 1974ರ ಕಾನೂನು ಕೂಡ ಗೇಣಿದಾರನನ್ನು ಭೂಮಿಯ ಒಡೆಯನನ್ನಾಗಿ ಮಾಡಿತು. ಗೇಣಿದಾರನಲ್ಲದ ಕೂಲಿಗೆ ಅದರಿಂದ ಸಿಕ್ಕಿದ್ದು ಅತ್ಯಲ್ಪ. ಕಾಗೋಡು ಗೆದ್ದ ಕಥೆ ಹೇಳುವಾಗ ಇದನ್ನು ಬಿಟ್ಟು ಹೇಳಿದರೆ ನಾವೂ ಒಂದು ದೊಡ್ಡ ಕೊಳಗ ಇಟ್ಟುಕೊಂಡು ಅಳೆದಂತೆ.

ಅವರ ಸರದಿ ಬೇರೆ ದಾರಿಯಲ್ಲಿ ಬಂತು. 1973ರ ನವೆಂಬರ್‌ನಲ್ಲಿ ಸಚಿವ ಬಿ. ಬಸವಲಿಂಗಪ್ಪನವರು ಕನ್ನಡ ಸಾಹಿತ್ಯದಲ್ಲಿ ಬಹುಪಾಲು ಬೂಸಾ ಎಂಬರ್ಥದ ಮಾತಾಡಿದಾಗ ಎದ್ದ ಗಲಾಟೆಯಲ್ಲಿ ದಲಿತ ವಿದ್ಯಾರ್ಥಿಗಳು ಹಲ್ಲೆಗೊಳಗಾದರು, ಬಸವಲಿಂಗಪ್ಪ ಸಚಿವ ಸ್ಥಾನ ಕಳೆದುಕೊಂಡರು. ಆ ನಂತರದ ವರ್ಷಗಳಲ್ಲಿ ಬಿ. ಕೃಷ್ಣಪ್ಪ, ಸಿದ್ಧಲಿಂಗಯ್ಯ, ದೇವನೂರ ಮಹಾದೇವ ಮೊದಲಾದವರು ಜೊತೆಗೂಡಿ ದಲಿತ ಸಂಘರ್ಷ ಸಮಿತಿ ಬೆಳೆಯಿತು. ಅವಮಾನ ಹಳೆಯದೇ. ಹೊಸದಾಗಿ ಬಂದದ್ದು ಹಾಸ್ಟೆಲು. ಬೇರೆ ಬೇರೆ ಕೇರಿಗಳಲ್ಲಿ ಒಂಟಿಯಾಗಿ ನುಂಗಿಕೊಳ್ಳುತ್ತಿದ್ದುದನ್ನು ಹುಡುಗರು ಅಲ್ಲಿ ಒಂದೇ ಕೋಣೆಯಲ್ಲಿ ಕೂತು ಹೇಳಿಕೊಂಡರು. ಇದು ನನ್ನೊಬ್ಬನ ಕಥೆಯಲ್ಲ ಎಂದು ತಿಳಿದರು. ಹಳ್ಳಿಯಲ್ಲಿ ನಂಟಸ್ತಿಕೆ ಮಾಡಿದ ಕೆಲಸವನ್ನು ಇಲ್ಲಿ ಹಾಸ್ಟೆಲಿನ ಕೋಣೆ ಮಾಡಿತು. ಸಮಿತಿಯ ಹಾಡುಗಳು ಆ ಮಾತನ್ನು ಮತ್ತೆ ಕೇರಿಗೆ ಒಯ್ದವು.

ಹಾಗಾಗಿ ಜನ ಚಳವಳಿಗೆ ಏಕೆ ಬರುತ್ತಾರೆ ಎಂದು ಯಾರಾದರೂ ಕೇಳಿದರೆ ನಾನು ಈಗ ಎರಡು ಪ್ರಶ್ನೆಗಳನ್ನು ಎದುರಿಗಿಡುತ್ತೇನೆ. ಅವರ ಕಣದಲ್ಲಿದ್ದ ಕೊಳಗ ಯಾವುದು? ಅವರ ಪಕ್ಕದಲ್ಲಿ ನಡೆಯುತ್ತಿದ್ದವರು ಯಾರು? ಮೊದಲನೆಯದಿಲ್ಲದೆ ಎರಡನೆಯದಿದ್ದರೆ ಜಾತ್ರೆಯಾಗುತ್ತದೆ. ಎರಡನೆಯದಿಲ್ಲದೆ ಮೊದಲನೆಯದಿದ್ದರೆ ಮನುಷ್ಯ ರಾತ್ರಿ ನಿದ್ದೆ ಬಾರದೆ ಹೊರಳುತ್ತಾನೆ, ಬೆಳಗಾದರೆ ಕೆಲಸಕ್ಕೆ ಹೋಗುತ್ತಾನೆ. ನಮ್ಮ ಹೆಚ್ಚಿನ ಬೆಳಗುಗಳು ಅಂಥವೇ.

ಜೊತೆಗೆ ಮೂರನೆಯ ಪ್ರಶ್ನೆಯೊಂದನ್ನು ಕಾಗೋಡು ನನಗೆ ಕಲಿಸಿದೆ. ಅಂದು ಗದ್ದೆಯ ಬದುವಿನಾಚೆ ನಿಂತು ನೋಡುತ್ತಿದ್ದ ಕೂಲಿಯಾಳನ್ನು ಯಾರಾದರೂ ಕರೆದಿದ್ದರೇ?