ಸ್ವನಾಮ ಗ್ರಹಿಕೆ
ಬೇರೆಡೆ ಗಮನವಿದ್ದಾಗಲೂ ತನ್ನ ಹೆಸರು ಕಿವಿಗೆ ಬಿದ್ದೊಡನೆ ಮೆದುಳು ಅತ್ತ ತಿರುಗುವ ವಿದ್ಯಮಾನ. ಮನೋವಿಜ್ಞಾನಿ ನೆವಿಲ್ ಮೊರೇ 1959ರಲ್ಲಿ ಇದನ್ನು ಪ್ರಯೋಗದ ಮೂಲಕ ತೋರಿಸಿದರು. ಹೆಡ್‌ಫೋನ್ ಧರಿಸಿದವರು ಒಂದು ಕಿವಿಗೆ ಬೀಳುವ ಮಾತನ್ನು ಕೇಳಿದಂತೆಯೇ ಗಟ್ಟಿಯಾಗಿ ಹೇಳುತ್ತ ಹೋಗಬೇಕಿತ್ತು. ಇನ್ನೊಂದು ಕಿವಿಯಲ್ಲಿ ಪದೇ ಪದೇ ನುಡಿಸಿದ ಪದಗಳು ಅವರ ನೆನಪಿನಲ್ಲಿ ಉಳಿಯಲಿಲ್ಲ. ಸ್ವಂತ ಹೆಸರು ಮಾತ್ರ ಸುಮಾರು ಮೂವರಲ್ಲಿ ಒಬ್ಬರಿಗೆ ಕೇಳಿಸಿತ್ತು. ಹೆಚ್ಚಿನವರಿಗೆ ಅದೂ ಕೇಳಿಸಲಿಲ್ಲ ಎಂಬುದು ಅಷ್ಟೇ ಮುಖ್ಯ, ಜನಪ್ರಿಯ ಬರಹಗಳಲ್ಲಿ ಈ ಮಾತು ಬಿಟ್ಟುಹೋಗುವುದೇ ಹೆಚ್ಚು. ತನ್ನ ಬಗೆಗಿನ ಮಾತಿಗೆ ಹಣೆಯ ಹಿಂದಿನ ಮುಮ್ಮೆದುಳಿನ ನಡುಭಾಗ ಚುರುಕಾಗುತ್ತದೆ. ನಿದ್ರೆಯಲ್ಲೂ ಸ್ವಂತ ಹೆಸರಿಗೆ ಮೆದುಳಿನ ವಿದ್ಯುತ್ ಸ್ಪಂದನ ಬೇರೆಯೇ. ಹೀಗಾಗಿ ಕೋಮಾದಲ್ಲಿರುವವರ ಮೆದುಳು ಎಷ್ಟು ಸ್ಪಂದಿಸುತ್ತಿದೆ ಎಂದು ಪರೀಕ್ಷಿಸುವಾಗ ಅವರ ಹೆಸರನ್ನೇ ಕೇಳಿಸುವುದುಂಟು.