ಗಾಳಕ್ಕೆ ಸಿಕ್ಕಿದ ಮಹಶೀರ್, ಲೆಕ್ಕ ತಪ್ಪಿದ ಮಹಶೀರ್

ಗಾಳ ಹಾಕಿ ಮೀನು ಹಿಡಿಯುವುದು ಇಂಗ್ಲಿಷರು ಕಲಿಸಿದ ಆಟವೆಂದು ತಿಳಿದವರುಂಟು. ಆದರೆ ಕಲ್ಯಾಣದ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರ 12ನೇ ಶತಮಾನದಲ್ಲಿ ರಚಿಸಿದ ‘ಮಾನಸೋಲ್ಲಾಸ’ದಲ್ಲಿಯೇ ಮತ್ಸ್ಯವಿನೋದದ ವಿವರಗಳಿವೆ. ಯಾವ ಮೀನಿಗೆ ಯಾವ ಆಹಾರ ಒಡ್ಡಬೇಕೆಂಬುದನ್ನೂ ಅಲ್ಲಿ ಹೇಳಲಾಗಿದೆ.

ಬ್ರಿಟಿಷರ ಕಾಲದಲ್ಲಿ ಈ ವಿನೋದ ದಾಖಲೆಯ ಬೆನ್ನು ಹತ್ತಿತು. ಎಚ್.ಎಸ್. ಥಾಮಸ್ 1873ರಲ್ಲಿ ‘ದಿ ರಾಡ್ ಇನ್ ಇಂಡಿಯಾ’ ಪುಸ್ತಕ ಪ್ರಕಟಿಸಿದ ಮೇಲೆ ಮಹಶೀರ್ ಮೀನಿನ ಖ್ಯಾತಿ ದೂರದವರೆಗೆ ಹಬ್ಬಿತು. ಮೈಸೂರಿನ ವ್ಯಾನ್ ಇಂಗೆನ್ 1946ರಲ್ಲಿ ಕಬಿನಿಯಲ್ಲಿ ಹಿಡಿದ ಮಹಶೀರ್ 120 ಪೌಂಡ್, ಅಂದರೆ ಸುಮಾರು 54 ಕಿಲೋ ತೂಗಿತ್ತು. ಆಗ ಹಿಡಿದ ದೊಡ್ಡ ಮೀನು ಸಾಮಾನ್ಯವಾಗಿ ಹೊಳೆಗೆ ಮರಳುತ್ತಿರಲಿಲ್ಲ.

ಮೀನಿಗೆ ಎದುರಾದ ಆಪತ್ತು ಗಾಳವೊಂದೇ ಅಲ್ಲ. ಮಹಶೀರ್ ಮೊಟ್ಟೆಯಿಡಲು ಪ್ರವಾಹದ ಕಾಲದಲ್ಲಿ ಹೊಳೆಯ ಮೇಲ್ಭಾಗಕ್ಕೆ ಈಜುತ್ತದೆ. ಶ್ರೀರಂಗಪಟ್ಟಣದ ಮೇಲೆ ಕನ್ನಂಬಾಡಿ ಕಟ್ಟೆ ಎದ್ದಾಗ ಕಾವೇರಿಯಲ್ಲಿ ಆ ದಾರಿ ಮುಚ್ಚಿತು. ಕೆಳಗಿನ ಮಡುಗಳಲ್ಲಿ ಡೈನಮೈಟ್ ಸಿಡಿಸುವವರು ಮರಿಯನ್ನೂ ಬಿಡಲಿಲ್ಲ.

1970ರ ದಶಕದಿಂದ ಹೊಸ ಪದ್ಧತಿ ಬಂತು. ಹಿಡಿದ ಮೀನನ್ನು ತೂಗಿ ಜೀವಂತವಾಗಿ ನೀರಿಗೆ ಬಿಡುವುದು ಇದರ ಕ್ರಮ. ಮಂಡ್ಯ ಜಿಲ್ಲೆಯ ಭೀಮೇಶ್ವರಿ, ಅದರಾಚೆಯ ಗಾಲಿಬೋರೆ ಶಿಬಿರಗಳು ಇದಕ್ಕೆ ಹೆಸರಾದವು. ಹಿಂದೆ ಕಳ್ಳತನದಲ್ಲಿ ಮೀನು ಹಿಡಿಯುತ್ತಿದ್ದ ಕೆಲವರು ಅಲ್ಲಿ ಮಾರ್ಗದರ್ಶಕರಾದರು. ಇದೇ ಕಾಲದಲ್ಲಿ ಸಂತತಿ ಹೆಚ್ಚಿಸಲೆಂದು ಮಹಾರಾಷ್ಟ್ರದ ಲೋನಾವಳ ಕೇಂದ್ರದಲ್ಲಿ ಬೆಳೆಸಿದ ತಳಿಯ ಮರಿಗಳನ್ನು ಕಾವೇರಿಗೆ ಬಿಡಲಾಯಿತು. ಆದರೆ ಅವು ನೀಲಿ ಛಾಯೆಯ ರೆಕ್ಕೆಯ ಮತ್ತೊಂದು ಜಾತಿಯವು. ಕಾವೇರಿಯ ದೈತ್ಯ ಮೀನಿಗೆ ಗೂನು ಬೆನ್ನು, ಕಿತ್ತಳೆ ಬಣ್ಣದ ರೆಕ್ಕೆ.

ಆದದ್ದೇನೆಂಬುದನ್ನು ತಿಳಿಸಿದ್ದು ಗಾಳಗಾರರೇ ಬರೆದಿಟ್ಟ ಲೆಕ್ಕ. ಗಾಲಿಬೋರೆಯಲ್ಲಿ 1998ರಿಂದ 2012ರವರೆಗೆ ಹಿಡಿದ ಆರು ಸಾವಿರಕ್ಕೂ ಹೆಚ್ಚು ಮೀನುಗಳ ದಾಖಲೆಯನ್ನು ವಿಜ್ಞಾನಿಗಳು ಪರಿಶೀಲಿಸಿದರು. ನೀಲಿ ರೆಕ್ಕೆಯವು ಹೆಚ್ಚಿದ್ದವು. ಗೂನು ಬೆನ್ನಿನವು ವರ್ಷವರ್ಷಕ್ಕೂ ವಿರಳವಾಗಿದ್ದವು. ಸಿಕ್ಕವುಗಳ ಸರಾಸರಿ ತೂಕ ಮಾತ್ರ ಏರಿತ್ತು. ಮೇಲ್ನೋಟಕ್ಕೆ ಇದು ಶುಭ ಸೂಚನೆ. ವಾಸ್ತವವಾಗಿ ಮುದಿ ಮೀನುಗಳು ಉಳಿದು, ಮರಿಗಳು ಬರುತ್ತಿಲ್ಲ ಎಂಬುದೇ ಇದರ ಅರ್ಥ. ಒಟ್ಟು ಮಹಶೀರ್ ಸಂಖ್ಯೆಯನ್ನಷ್ಟೇ ನೋಡಿದವರಿಗೆ ಈ ನಷ್ಟ ಕಾಣುವಂತಿರಲಿಲ್ಲ.

ಅಭಯಾರಣ್ಯದೊಳಗೆ ಗಾಳ ಹಾಕುವುದು 2012ರಲ್ಲಿ ನಿಂತಿತು. ಅದರೊಂದಿಗೆ ಈ ಲೆಕ್ಕವೂ ನಿಂತಿತು. ಗೂನು ಬೆನ್ನಿನ ಮೀನು ‘ಟಾರ್ ರೆಮಾದೇವಿ’ ಜಾತಿಯದೆಂದು ವಿಜ್ಞಾನ ಗುರುತಿಸಿದ್ದು 2018ರಲ್ಲಿ. ಅದೇ ವರ್ಷ ಅದು ಅಳಿವಿನ ತೀವ್ರ ಅಂಚಿನಲ್ಲಿರುವ ಜೀವಿಗಳ ಜಾಗತಿಕ ಪಟ್ಟಿಗೂ ಸೇರಿತು. ನೂರೈವತ್ತು ವರ್ಷಗಳ ಕೀರ್ತಿಯಿದ್ದ ಮೀನಿಗೆ ಸರಿಯಾದ ಹೆಸರು ದೊರೆಯುವ ವೇಳೆಗೆ ಅದರ ಸಂತತಿಯೇ ಕ್ಷೀಣಿಸಿತ್ತು. ಹೊಳೆಗೆ ಮರಿ ಬಿಡುವ ಮುನ್ನ ಆ ಹೊಳೆಯ ಮೀನು ಯಾವುದೆಂದು ತಿಳಿದಿರಬೇಕು ಎಂಬುದೇ ಕಾವೇರಿ ಕಲಿಸಿದ ಪಾಠ.